ಕಣ್ಣೀರಿನಷ್ಟು ಉಪ್ಪು

"ಕೇಳಿರಿ, ಕೇಳಿರಿ! ಹೊಳೆನಾಡಿನ ದೊರೆ ಬಲ್ಲರಸರ ಅಪ್ಪಣೆ! ರಾಜಕುಮಾರಿ ಪದುಮಲದೇವಿ ಕೇಳುವ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ ಮತ್ತು ರಾಜಕುಮಾರಿಯ ಕೈ. ಒಂದು ತಪ್ಪಿದರೂ ತಲೆದಂಡ!"

ಡಂಗುರ ಊರೂರು ತಿರುಗಿತು. ಒಗಟಿಗೆ ಕಾರಣ ಒಂದು ಕಾಯಿಲೆ. ಮಳೆಗಾಲ ಮುಗಿದು ಬಯಲಿನ ಹುಲ್ಲು ಹೂಬಿಟ್ಟಿತೆಂದರೆ ರಾಜಕುಮಾರಿಗೆ ಸೀನು ಹತ್ತುತ್ತಿತ್ತು. ಮೂಗು ಕಟ್ಟಿ, ಕಣ್ಣು ಕೆಂಪೇರಿ, ಎರಡು ತಿಂಗಳು ಬಾಯಿಯಿಂದಲೇ ಉಸಿರಾಡಬೇಕು. ವೈದ್ಯರು ಅವಳ ಮೂಗಿಗೆ ಮೆಣಸಿನ ಪುಡಿ ಊದಿದ್ದರು, ಹಣೆಗೆ ಬರೆ ಎಳೆದಿದ್ದರು. ಕೊನೆಗೊಂದು ದಿನ ಅವಳು ಮದ್ದಿನ ಬಟ್ಟಲನ್ನು ಗೋಡೆಗೆ ಎಸೆದಳು.

"ನನ್ನ ಕಾಯಿಲೆ ಏನೆಂದು ತಿಳಿಯದವರು ಇನ್ನು ನನ್ನನ್ನು ಮುಟ್ಟಕೂಡದು!"

ಹಾಗೆ ಒಗಟು ಹುಟ್ಟಿತು. ತಲೆದಂಡವನ್ನು ಸೇರಿಸಿದವನು ದೊರೆ.

ಮೊದಲು ಪಕ್ಕದ ನಾಡಿನ ಯುವರಾಜ ಬಂದ. ರಾಜಕುಮಾರಿ ಕೇಳಿದಳು: "ಹಳದಿ ಉಟ್ಟ ದಿಬ್ಬಣವೊಂದು ಗಾಳಿಯೇರಿ ಹೊರಡುತ್ತದೆ. ಹೊರಟದ್ದು ನೆರೆಮನೆಯ ಮದುವೆಗೆ, ದಾರಿ ತಪ್ಪಿ ನುಗ್ಗುವುದು ನನ್ನ ಮನೆಗೆ. ಕಣ್ಣಿಗೆ ಕಾಣದ ಈ ದಿಬ್ಬಣ ಯಾವುದು?"

"ದೆವ್ವಗಳ ಮೆರವಣಿಗೆ," ಎಂದ ಯುವರಾಜ. ತಪ್ಪು. ಆದರೆ ಯುವರಾಜನ ತಲೆ ತೆಗೆದರೆ ಯುದ್ಧವಾಗುತ್ತದೆಂದು ದೊರೆ ಅವನಿಗೆ ಊಟ ಹಾಕಿಸಿ ಕಳಿಸಿಕೊಟ್ಟ.

ಆಮೇಲೆ ಬಂದವನು ಮುದುಕ ಅಂಕಯ್ಯ, ಕೆರೆಯಾಚೆಯ ನಾಟಿ ವೈದ್ಯ. ಮೊದಲನೆಯದನ್ನು ಸರಿಯಾಗಿ ಹೇಳಿದ. ಎರಡನೆಯದು ಬಂತು: "ಎರಡು ಬಾಗಿಲಿನ ಮನೆ. ಕಳ್ಳ ಬಂದನೆಂದು ಕಾವಲುಗಾರರು ಬಾಗಿಲು ಮುಚ್ಚಿ, ಒಳಗೆಲ್ಲ ನೀರು ಹರಿಸಿ, ಒಡತಿಯ ಉಸಿರನ್ನೇ ಕಟ್ಟಿಸುತ್ತಾರೆ. ಬಂದವನು ಕಳ್ಳನೇ ಅಲ್ಲ. ಯಾವುದು ಆ ಮನೆ?"

ಮುದುಕ ದೊರೆಯ ಕಡೆ ತಿರುಗಿದ. "ಈ ಅರಮನೆ. ಕಾವಲುಗಾರರು ನಿಮ್ಮ ಭಟರು."

ಮರುದಿನ ಅವನ ತಲೆ ಹೋಯಿತು.

ಮೂರನೆಯವನು ಬೀರು, ಕಡಲ ನೀರು ಒಣಗಿಸಿ ಉಪ್ಪು ತೆಗೆಯುವ ಆಗರದ ಕೂಲಿ. ಎರಡು ಒಗಟನ್ನು ಪಟಪಟನೆ ಬಿಡಿಸಿದ. ರಾಜಕುಮಾರಿ ಮುಂದಕ್ಕೆ ಬಾಗಿದಳು. "ನನ್ನ ಕಣ್ಣಿನಿಂದ ದಿನವೆಲ್ಲ ನೀರು ಹರಿದರೂ ಕಣ್ಣು ಉರಿಯುವುದಿಲ್ಲ. ಮೂಗಿಗೆ ಒಂದು ತೊಟ್ಟು ಹೊಳೆಯ ನೀರು ಬಿಟ್ಟರೆ ಬೆಂಕಿಯಂತೆ ಉರಿಯುತ್ತದೆ. ಹೊಳೆಯ ನೀರಿನಲ್ಲಿ ಇಲ್ಲದ್ದು ನನ್ನ ಕಣ್ಣೀರಿನಲ್ಲಿ ಏನಿದೆ?"

ರಾಜಕುಮಾರಿಗೆ ಒಪ್ಪುವಂಥ ಚಂದದ ಮಾತು ಹೇಳಬೇಕೆಂದು ಬೀರು ಗಂಟಲು ಸರಿಮಾಡಿಕೊಂಡ. "ದುಃಖ."

"ದುಃಖವನ್ನು ಮೂಗಿಗೆ ಹಾಕಲು ಬರುತ್ತದೆಯೇ?" ಎಂದು ಅವಳು ಸಿಡುಕಿದಳು. ಹಬ್ಬ ಕಳೆದ ಮೇಲೆ ತಲೆದಂಡವೆಂದು ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಸುದ್ದಿ ಆಗರಕ್ಕೆ ಮುಟ್ಟಿದಾಗ ಬೀರುವಿನ ಅಕ್ಕ ಗಣಪಿ ಹಲಗೆಯಿಂದ ಉಪ್ಪು ಎಳೆದು ರಾಶಿ ಹಾಕುತ್ತಿದ್ದಳು. ಹಲಗೆಯನ್ನು ಅಲ್ಲೇ ಬಿಸಾಡಿದಳು. "ಉಪ್ಪಿನಲ್ಲೇ ಬೆಳೆದ ಕತ್ತೆಗೆ ಉಪ್ಪು ನೆನಪಾಗಲಿಲ್ಲವೇ!" ಒಂದು ಹಿಡಿ ಉಪ್ಪು, ಮನೆಯ ಸಣ್ಣ ಮೂತಿಯ ಹಿತ್ತಾಳೆ ಗಿಂಡಿ ಕಟ್ಟಿಕೊಂಡು ಇಡೀ ದಾರಿ ಬೈಯುತ್ತಲೇ ನಡೆದಳು.

ಆಸ್ಥಾನದಲ್ಲಿ ಅವಳ ಬಿರಿದ ಕಾಲು ನೋಡಿ ಕೆಲವರು ನಕ್ಕರು.

"ಒಗಟು ಮತ್ತೆ ಹೇಳುವುದು ಬೇಡ, ನಾಡಿಗೆಲ್ಲ ಗೊತ್ತಿದೆ," ಎಂದಳು ಗಣಪಿ. "ದಿಬ್ಬಣವೆಂದರೆ ಹುಲ್ಲಿನ ಹೂವಿನ ಪುಡಿ. ಹೂವಿನಿಂದ ಹೂವಿಗೆ ಹೋಗಬೇಕಾದದ್ದು, ಗಾಳಿಗೆ ನಮ್ಮ ಮೂಗು ಹೊಗುತ್ತದೆ. ಎರಡು ಬಾಗಿಲಿನ ಮನೆ ಆ ಮೂಗೇ. ನಿರುಪದ್ರವಿ ಪುಡಿಯನ್ನು ನಮ್ಮ ಮೈ ವೈರಿಯೆಂದು ತಿಳಿದು ಮೂಗನ್ನು ಊದಿಸುತ್ತದೆ, ನೀರು ಸುರಿಸುತ್ತದೆ. ಕಾವಲುಗಾರ ನಮ್ಮ ಮೈಯೇ. ನನಗೂ ಪ್ರತಿ ವರ್ಷ ಹೀಗೇ ಆಗುತ್ತದೆ. ಇನ್ನು ಕಣ್ಣೀರಿನಲ್ಲಿ ಇರುವುದು ಉಪ್ಪು. ನಾಲಿಗೆಗೆ ಹಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಸರಿಯೋ ತಪ್ಪೋ?"

ರಾಜಕುಮಾರಿ ತಂದೆಯ ಕಡೆ ನೋಡಿದಳು.

"ಹೇಳಿ. ಸರಿಯೋ ತಪ್ಪೋ?"

"ಗೊತ್ತಿಲ್ಲ," ಎಂದಳು ರಾಜಕುಮಾರಿ. "ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಯಾರಾದರೂ ಹೇಳಲಿ ಎಂದೇ ಕೇಳಿದೆ."

ಗಣಪಿಯ ದನಿ ಕಂಬಗಳಿಗೆ ಬಡಿಯಿತು. "ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನನ್ನ ತಮ್ಮನ ಕತ್ತು ಕಡಿಯುತ್ತೀರಾ? ಯುವರಾಜನಿಗೆ ಊಟ, ಮುದುಕನಿಗೆ ಕತ್ತಿ! ಇದೆಂಥ ನ್ಯಾಯ?"

ದೊರೆ ಎದ್ದು ನಿಂತ. ಭಟರು ಮುಂದೆ ಬಂದರು. ರಾಜಕುಮಾರಿ ಕೈಯೆತ್ತಿ ತಡೆದಳು. "ಉತ್ತರವನ್ನು ತೋರಿಸು."

ಗಣಪಿ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಕಣ್ಣೀರಿನಷ್ಟೇ ರುಚಿ ಬರುವವರೆಗೆ ಉಪ್ಪು ಕರಗಿಸಿದಳು. "ಉಪ್ಪು ಕಡಿಮೆಯಾದರೂ ಉರಿ, ಹೆಚ್ಚಾದರೂ ಉರಿ. ಕುದಿಸದ ನೀರಂತೂ ಬೇಡವೇ ಬೇಡ," ಎನ್ನುತ್ತ ಗಿಂಡಿಯಲ್ಲಿ ತುಂಬಿದಳು. ವಿಷವಿದ್ದೀತು ಎಂದು ದೊರೆ ಅನುಮಾನಪಟ್ಟಾಗ, ತಲೆ ವಾಲಿಸಿ ತನ್ನ ಮೂಗಿಗೇ ಹೊಯ್ದುಕೊಂಡಳು. ನೀರು ಇನ್ನೊಂದು ಹೊಳ್ಳೆಯಿಂದ ಇಳಿದು ಹೋಯಿತು.

ಗಿಂಡಿ ತೊಳೆದು, ಹೊಸ ನೀರು ತುಂಬಿ, ರಾಜಕುಮಾರಿಯನ್ನು ಬಗ್ಗಿಸಿದಳು. "ಬಾಯಿ ತೆರೆಯಿರಿ. ಉಸಿರು ಬಾಯಿಯಿಂದ. ಅಲುಗಬೇಡಿ."

ಬೆಂಕಿಯಂಥ ಉರಿಗೆ ಹೆದರಿ ಕಣ್ಣು ಮುಚ್ಚಿದ್ದ ರಾಜಕುಮಾರಿಗೆ ಉರಿಯೇ ಆಗಲಿಲ್ಲ. ನೀರು ಹರಿಯಿತು, ಜೊತೆಗೆ ವಾರಗಳ ಗೊಣ್ಣೆಯೂ. ಮೆಲ್ಲಗೆ ಮೂಗು ಸೀಟಿದಳು. ಬಾಯಿ ಮುಚ್ಚಿ, ಮೂಗಿನಿಂದ ಉಸಿರೆಳೆದಳು. ಮತ್ತೊಮ್ಮೆ ಎಳೆದಳು.

"ಕಾಯಿಲೆ ಹೋಗಿಲ್ಲ," ಎಂದಳು ಗಣಪಿ. "ಹುಲ್ಲು ಹೂಬಿಡುವಷ್ಟು ದಿನ ಹೀಗೆ ತೊಳೆದುಕೊಳ್ಳಿ, ಹಗುರಾಗುತ್ತದೆ."

"ಅರ್ಧ ರಾಜ್ಯ ನಿನ್ನದು," ಎಂದಳು ರಾಜಕುಮಾರಿ.

"ನನ್ನ ತಮ್ಮನನ್ನು ಬಿಡಿ. ಆಗರವನ್ನು ಅಲ್ಲಿ ದುಡಿಯುವವರ ಹೆಸರಿಗೆ ಬರೆದುಕೊಡಿ. ಮತ್ತೆ, ಅಂಕಯ್ಯನ ಹೆಂಡತಿ ಕೆರೆಯಾಚೆ ಇದ್ದಾಳೆ. ಅವಳ ಮುಂದೆ ಹೋಗಿ ನಿಂತು, ಕೊನೆಯ ಒಗಟಿನ ಉತ್ತರ ನನಗೇ ಗೊತ್ತಿಲ್ಲದ ಪಂದ್ಯದಲ್ಲಿ ನಿನ್ನ ಗಂಡನ ತಲೆ ಹೋಯಿತು ಎಂದು ನೀವೇ ಹೇಳಿ."

ದೊರೆ ಮುಖ ತಿರುಗಿಸಿದ. ರಾಜಕುಮಾರಿ ಒಪ್ಪಿದಳು, ಅಂದೇ ಕಾಲ್ನಡಿಗೆಯಲ್ಲಿ ಹೋದಳು. ಆ ಬಾಗಿಲು ಅವಳಿಗೆ ತೆರೆಯಲಿಲ್ಲ.

ಅಕ್ಕ ತಮ್ಮ ಆಗರದ ಪತ್ರ ಹಿಡಿದು ಊರಿಗೆ ಹೊರಟರು. ಕೋಟೆ ಬಾಗಿಲು ದಾಟುತ್ತಲೇ ಬೀರು ಗೊಣಗಿದ. "ಅರ್ಧ ರಾಜ್ಯ ಬಿಟ್ಟು ಬಂದೆಯಲ್ಲ, ಅಕ್ಕ!"

ಗಣಪಿ ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. ಆಮೇಲೆ ಅದೇ ಕೈಯಿಂದ ಅವನ ಕತ್ತನ್ನು ಸುತ್ತಲೂ ತಡವಿ ನೋಡಿದಳು.