ಹುಡುಗಿ ಓದದೆ ಬಿಟ್ಟ ಸಾಲು

"ಮಗಳು ಗುರುತಿಲ್ಲದ ಯಾರ ಜೊತೆಗೋ ಫೋನಿನಲ್ಲಿ ಹರಟುತ್ತಿದ್ದಳು. ನನಗೆ ಹೇಳದೆ ಮುಚ್ಚಿಟ್ಟಳು. ಫೋನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾಡಿದ್ದು ಸರಿಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ತಪ್ಪು ನಿನ್ನದು. ಹೇಳಲು ನೀನು ಅವಳಿಗೆ ಜಾಗವನ್ನೇ ಬಿಟ್ಟಿಲ್ಲ," ಎಂದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ಹದಿನಾಲ್ಕರ ಮಗಳ ಕೈಯಲ್ಲಿ ಫೋನು ಕಂಡರೆ ಸಾಕು, ಅವನ ಪಿತ್ತ ನೆತ್ತಿಗೇರುತ್ತಿತ್ತು. ಆಗಾಗ ಕಸಿದುಕೊಂಡು ತಾನೇ ತಡಕಾಡುತ್ತಿದ್ದ. ಏನೂ ಸಿಗುತ್ತಿರಲಿಲ್ಲ. ಹುಡುಗಿ ಎಲ್ಲವನ್ನೂ ಮೊದಲೇ ಅಳಿಸಿರುತ್ತಿದ್ದಳು.

ಎದುರುಮನೆಯಲ್ಲಿ ಒಬ್ಬ ಹೂವಾಡಗಿತ್ತಿ. ಅವಳಿಗೆ ಓದು ಬಾರದು. ಸಂಜೆ ಹುಡುಗಿ ಜಗಲಿಗೆ ಬಂದರೆ, "ಇವತ್ತು ಅದರೊಳಗೆ ಏನು ಬಂದಿದೆ ಕಣೇ? ಓದು, ನಾನೂ ಕೇಳ್ತೀನಿ," ಅನ್ನುತ್ತಿದ್ದಳು. ಗೆಳತಿಯರ ಜಗಳ, ಯಾರದೋ ಕುಣಿತದ ವಿಡಿಯೊ, ಅದರ ಕೆಳಗೆ ಯಾವನೋ ಬರೆದ ಬೈಗುಳ, ಎಲ್ಲವನ್ನೂ ಹುಡುಗಿ ಓದಿ ಹೇಳುತ್ತಿದ್ದಳು. ಹೂವಾಡಗಿತ್ತಿ ಹೂ ಕಟ್ಟುತ್ತ ನಗುತ್ತಿದ್ದಳು. "ಥೂ, ಇವನ ಬಾಯಿಗೆ ಮಣ್ಣು ಹಾಕ," ಎನ್ನುತ್ತಿದ್ದಳು. ಹುಡುಗಿಯನ್ನು ಮಾತ್ರ ಒಮ್ಮೆಯೂ ಬೈಯಲಿಲ್ಲ.

ಒಂದು ಸಂಜೆ ಓದುತ್ತಿದ್ದ ಹುಡುಗಿ ತಟ್ಟನೆ ನಿಲ್ಲಿಸಿ ಮುಂದಿನದಕ್ಕೆ ಹಾರಿದಳು.

"ನಡುವೆ ಒಂದನ್ನು ನುಂಗಿದೆಯಲ್ಲ, ಅದೇನು?"

ಹುಡುಗಿ ಅತ್ತಳು. ಆಮೇಲೆ ಓದಿದಳು. ಯಾವನೋ ಅವಳ ಫೋಟೊವನ್ನು ಹೊಲಸಾಗಿ ತಿದ್ದಿ ಕಳಿಸಿದ್ದ. ಕರೆದಲ್ಲಿಗೆ ಬಾರದಿದ್ದರೆ ಊರಿಗೆಲ್ಲ ಹಂಚುತ್ತೇನೆ ಎಂದಿದ್ದ. ಮರುದಿನ ಹೋಗಿಬಿಡುವುದೆಂದು ಹುಡುಗಿ ನಿರ್ಧರಿಸಿಯೂ ಆಗಿತ್ತು.

ಹೂವಾಡಗಿತ್ತಿ ದಾರ ಕೆಳಗಿಟ್ಟಳು. ಹುಡುಗಿಯ ಕೈ ಹಿಡಿದು ದರ್ಜಿಯ ಬಾಗಿಲಿಗೆ ಬಂದು ಎಲ್ಲವನ್ನೂ ಹೇಳಿದಳು. "ಬೈಯೋದಿದ್ದರೆ ನನ್ನ ಬೈಯಣ್ಣ. ಮೊದಲು ಪೊಲೀಸ್ ಸ್ಟೇಷನ್ನಿಗೆ ನಡಿ."

ಮೂವರೂ ಹೋದರು. ಕೆಲವೇ ದಿನಗಳಲ್ಲಿ ಬೆದರಿಸಿದವನು ಸಿಕ್ಕಿಬಿದ್ದ.

ಅಂದು ಮಗಳು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಅವಳು ಎರಡನೇ ಸಲ ಸಾರು ಬಡಿಸಿಕೊಂಡದ್ದನ್ನು ಕಂಡು ದರ್ಜಿ ಎದ್ದ. ನೆಟ್ಟಗೆ ಎದುರುಮನೆಗೆ ನಡೆದು ಹೂವಾಡಗಿತ್ತಿಯ ಕಾಲು ಮುಟ್ಟಿದ.

"ಮಗಳನ್ನು ಉಳಿಸಿಕೊಟ್ಟೆ, ತಾಯಿ. ಈ ಜನ್ಮದಲ್ಲಿ ಮರೆಯಲಾರೆ. ಓದು ಬಲ್ಲ ನನಗೆ ಕಾಣದ್ದು ನಿನಗೆ ಹೇಗೆ ಕಂಡಿತು?"

"ಏಳಣ್ಣ, ನನಗೇನು ಕಾಣುತ್ತೆ? ದಿನಾ ವಿಚಾರಿಸ್ತಿದ್ದೆ, ಅವಳು ಹೇಳ್ತಿದ್ದಳು. ಹೇಳಿದ್ದಕ್ಕೆ ಯಾವತ್ತೂ ಬೈತಿರಲಿಲ್ಲ, ಅಷ್ಟೇ."

ಕತೆ ಮುಗಿಯಿತು. ಶಿಷ್ಯ ಕಣ್ಣೊರೆಸಿಕೊಂಡು, "ನನ್ನ ಮಗಳಿಗೂ ಅಂಥ ಒಬ್ಬಳು ಸಿಗಲಿ, ಗುರುಗಳೇ," ಎಂದು ಕೈಮುಗಿದ.

"ಇನ್ನೊಬ್ಬರನ್ನು ಯಾಕೆ ಹುಡುಕುತ್ತೀಯ, ಎದ್ದು ಮನೆಗೆ ಹೋಗು, ಮಗಳ ಪಕ್ಕ ಕೂತು ವಿಚಾರಿಸು, ಅವಳು ಹೇಳಿ ಮುಗಿಸುವ ತನಕ ಬಾಯಿ ಬಿಡಬೇಡ."