ಕರಿಯಮ್ಮ ಮನೆ ಬದಲಿಸಿದ್ದು

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಕಡೆ, ಜವರಪ್ಪನೆಂಬ ನರಿ ಇದ್ದ. ಕಂಡಕಂಡವರಿಗೆ ಬುದ್ಧಿ ಹೇಳುವುದೇ ಅವನ ಕಸುಬು. ಯಾರೂ ಕೇಳುತ್ತಿರಲಿಲ್ಲ, ಪಾಪ. ಆದರೂ ಬೇಸರಪಡದೆ ಹೇಳುತ್ತಿದ್ದ.

ಅದೇ ಕಾಡಿನ ಗುಹೆಯಲ್ಲಿ ಕರಿಯಮ್ಮನೆಂಬ ಕರಡಿ ಇದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಒಂದು ಮೊಲವನ್ನೂ ಒಂದು ಗೌಜಲಹಕ್ಕಿಯನ್ನೂ ಸಾಕಿಕೊಂಡಿದ್ದಳು. ಅವಳು ಹಾಕಿ ಹಾಕಿ ಎರಡೂ ಗುಂಡುಗುಂಡಗೆ ಬೆಳೆದಿದ್ದವು. ಜವರಪ್ಪ ದಿನಾ ಆ ದಾರಿಯಲ್ಲೇ ವಾಯುವಿಹಾರಕ್ಕೆ ಹೋಗುತ್ತಿದ್ದ. ಅಲ್ಲಿ ಗಾಳಿ ಬಹಳ ಚೆನ್ನಾಗಿತ್ತಂತೆ.

ಒಂದು ದಿನ ಕರಿಯಮ್ಮನ ಗುಹೆಯ ಚಾವಣಿಯಿಂದ ಕಲ್ಲು ಉದುರಿತು. ಇನ್ನು ಅಲ್ಲಿರುವಂತಿರಲಿಲ್ಲ. ಗುಡ್ಡದಾಚೆ ಬೇರೊಂದು ಗುಹೆ ನೋಡಿಕೊಂಡು ಬಂದು ಅವಳು ಜೇನಿನ ಬುರುಡೆಗಳನ್ನೂ ಹುಲ್ಲು ಹಾಸಿಗೆಯನ್ನೂ ಗಂಟು ಕಟ್ಟಿದಳು. ಸಾಮಾನಿನದು ಚಿಂತೆಯಿರಲಿಲ್ಲ. ಅಂಜುಬುರುಕ ಮೊಲವನ್ನೂ ಹಕ್ಕಿಯನ್ನೂ ಹೇಗೆ ಸಾಗಿಸುವುದೆಂಬುದೇ ಚಿಂತೆ. ಚಿಂತೆ ಅಂದಮೇಲೆ ಜವರಪ್ಪ ಬರದೆ ಇರುತ್ತಾನೆಯೇ?

ಮೂಟೆ ಕಟ್ಟುವ ಗಲಾಟೆಗೆ ಸಾಕಿದ ಜೀವಗಳು ಬೆದರುತ್ತವೆ, ಅವನ್ನು ಮೊದಲೇ ಬೇರೆ ಕಡೆ ಬಿಡಬೇಕು ಎಂದ. ಜೊತೆಗೆ ಹಳೇ ಹಾಸಿಗೆ ಇಟ್ಟರೆ ಪರಿಚಯದ ವಾಸನೆಗೆ ಧೈರ್ಯವಾಗಿರುತ್ತವೆ ಎಂದ. ಅದೂ ಅಲ್ಲದೆ ನಾಳೆಯೇ ಆಷಾಢ ಹುಟ್ಟುತ್ತದೆ, ಹೊಸ ಮನೆ ಹೊಗಬಾರದು; ಒಂದು ತಿಂಗಳು ಅವು ತನ್ನ ಗವಿಯಲ್ಲಿರಲಿ, ಕರಿಯಮ್ಮ ಇಲ್ಲೇ ಹೇಗೋ ಕಾಲ ತಳ್ಳಲಿ ಎಂದ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡ. ಬಾಯಲ್ಲಿ ಅದಕ್ಕಿಂತ ಹೆಚ್ಚು ನೀರಿತ್ತು. ಅದನ್ನು ನುಂಗಿಕೊಂಡ.

"ಅಮ್ಮಾ, ಈ ಮಾವನ ಕಣ್ಣು ನನ್ನ ತೊಡೆ ಮೇಲೆಯೇ ಇದೆ" ಎಂದು ಮೊಲ ನಡುಗಿತು.

ದೊಡ್ಡವರನ್ನು ಹಾಗೆಲ್ಲ ಅನ್ನಬಾರದೆಂದು ಕರಿಯಮ್ಮ ಗದರಿದಳು. ಜವರಪ್ಪನಂಥ ಕರುಣಾಳುವನ್ನು ಅವಳು ಕಂಡೇ ಇರಲಿಲ್ಲ. ಆದರೆ ಮೊಲದ ಅಳು ನಿಲ್ಲಲೇ ಇಲ್ಲ. ಅವಳ ಕರುಳು ಚುರುಕ್ಕೆಂದಿತು.

ಅತ್ತ ಜವರಪ್ಪ ಗವಿ ಗುಡಿಸಿ ಎರಡು ಮುತ್ತುಗದ ಎಲೆ ಹಾಸಿ ಕೂತಿದ್ದ. ಮೊದಲು ಮೊಲವೋ ಹಕ್ಕಿಯೋ ಎಂಬುದೊಂದೇ ಇನ್ನೂ ತೀರ್ಮಾನವಾಗಿರಲಿಲ್ಲ. ಸಂಜೆಗೆ ಕರಿಯಮ್ಮ ಬಂದಳು. ಹೆಗಲ ಮೇಲೆ ಮೊಲ, ತಲೆಯ ಮೇಲೆ ಹಕ್ಕಿ, ಬೆನ್ನ ಮೇಲೆ ಅಷ್ಟೂ ಗಂಟು. ಹಾಸಿಗೆ ಒಂದಿದ್ದರೆ ಸಾಕಿತ್ತಲ್ಲ ಎಂದು ಅವನು ತಡವರಿಸಿದ.

"ಹಾಸಿಗೆಗಿಂತ ನನ್ನ ವಾಸನೆಯೇ ಜಾಸ್ತಿಯಲ್ಲವೇ ಅಣ್ಣಾ? ಅದಕ್ಕೇ ನಾನೇ ಬಂದುಬಿಟ್ಟೆ. ಆಷಾಢಕ್ಕೂ ಅಡ್ಡಿಯಿಲ್ಲ, ಇದೇನು ಹೊಸ ಮನೆಯಲ್ಲವಲ್ಲ!"

ಅಷ್ಟು ಹೇಳಿ ಕರಿಯಮ್ಮ ಒಳಗೆ ನುಗ್ಗಿದಳು. ಮುಕ್ಕಾಲು ಗವಿ ತುಂಬಿತು. ಉಳಿದ ಕಾಲುಭಾಗದಲ್ಲಿ ಬುರುಡೆಗಳನ್ನು ಜೋಡಿಸಿದಳು. ಮನೆಯ ಯಜಮಾನರು ಬುರುಡೆಗಳ ಸಂದಿಯಲ್ಲಿ ಮಲಗಿದರು. ಅವಳು ಎಲ್ಲಿಗೆ ಹೋದರೂ ಎರಡು ಜೀವಗಳನ್ನೂ ಹೆಗಲೇರಿಸಿಕೊಂಡೇ ಹೋಗುತ್ತಿದ್ದಳು. ಗುಡುಗಿದಾಗ ಮೊಲ ಬಂದು ಜವರಪ್ಪನ ಹೊಟ್ಟೆಗೆ ಅಂಟಿಕೊಂಡು ಕೂರುತ್ತಿತ್ತು. ಹೊಟ್ಟೆಯ ಒಳಗಿರಬೇಕಾದದ್ದು ಹೊರಗಿದೆಯಲ್ಲ ಎಂದು ಅವನ ಎದೆ ಉರಿಯುತ್ತಿತ್ತು. ಪಕ್ಕದಲ್ಲೇ ಕರಿಯಮ್ಮನ ಪಂಜ ಇತ್ತು. ಸುಮ್ಮನೆ ಉಗುಳು ನುಂಗುತ್ತಿದ್ದ.

ಅಂತೂ ಆಷಾಢ ಮುಗಿಯಿತು. ಜವರಪ್ಪ ನಯವಾಗಿ ಗುಡ್ಡದಾಚೆಯ ಗುಹೆಯ ನೆನಪು ಮಾಡಿದ.

"ಈಗ ತಾನೇ ಇಲ್ಲಿಗೆ ಹೊಂದಿಕೊಂಡಿವೆ. ಮತ್ತೆ ಮೂಟೆ ಕಟ್ಟಿದರೆ ಬೆದರೋಲ್ಲವೇ? ನಿನಗೆ ನಾನು ಹೇಳಬೇಕೇ ಅಣ್ಣಾ!" ಎಂದಳು ಕರಿಯಮ್ಮ.

ಮರುದಿನ ಮಧ್ಯಾಹ್ನ ಜವರಪ್ಪ, ಎಲುಬೆದ್ದ ಮೈಯಲ್ಲಿ, ತನ್ನ ಚೂರುಪಾರು ಗಂಟು ಕಚ್ಚಿಕೊಂಡು ಹೊರಟ. ಹೊಸಿಲು ದಾಟುವಾಗ ಒಂದು ಬುರುಡೆ ಉರುಳಿತು. ಕರಿಯಮ್ಮ ಮಲಗಿದ್ದಲ್ಲಿಂದಲೇ ತಲೆಯೆತ್ತಿದಳು.

"ಸ್ವಲ್ಪ ಮೆಲ್ಲಗೆ ಹೋಗಪ್ಪಾ, ಮಕ್ಕಳು ಮಲಗಿವೆ."

ನೀತಿ: ಕೆಟ್ಟ ಆಸೆಯಿಂದ ಪರರಿಗೆ ಕೊಟ್ಟ ಬುದ್ಧಿ ಕೊನೆಗೆ ಕೊಟ್ಟವನ ಮನೆಯನ್ನೇ ಖಾಲಿ ಮಾಡಿಸುತ್ತದೆ.