ಸೊಪ್ಪು ಬಸಿದ ನೀರು

“ಗುರುಗಳೇ, ನುಗ್ಗೆಸೊಪ್ಪಿನಲ್ಲಿ ಸತ್ವ ಹೆಚ್ಚೋ, ಹರಿವೆ ಸೊಪ್ಪಿನಲ್ಲೋ?” ಎಂದು ಮರಿದೇವ ಕೇಳಿದ.

ಅವನು ಮಠದ ಕೈತೋಟ ನೋಡಿಕೊಳ್ಳುತ್ತಿದ್ದ ಶಿಷ್ಯ. ಕೇಳಿದ್ದು ಸೊಪ್ಪಿನ ಮಾತಾದರೂ ಮನಸ್ಸನ್ನು ಕೊರೆಯುತ್ತಿದ್ದ ಸಂಗತಿ ಬೇರೆ. ಇಲ್ಲಿಗೆ ಬರುವ ಮೊದಲು ಅವನು ಇನ್ನೊಬ್ಬ ಗುರುವಿನ ಬಳಿ ಇದ್ದ. ಅವರ ಬೋಧೆ ಮೇಲೋ, ಇವರದು ಮೇಲೋ ಎಂದು ತೂಗುತ್ತಲೇ ಇದ್ದ. ಇಲ್ಲಿ ನಿಲ್ಲಬೇಕೋ, ಅಲ್ಲಿಗೆ ಮರಳಬೇಕೋ ತಿಳಿಯದೆ ಒದ್ದಾಡುತ್ತಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಹುಡುಗಿ ಬರಬರುತ್ತ ಬಿಳಿಚಿಕೊಂಡು ಬಡಕಲಾದಳು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಸಂಜೆಯಾದರೆ ಕಣ್ಣು ಮಂಜು. ವೈದ್ಯ ಬಂದು ನಾಡಿ ನೋಡಿದ.

“ಮೈಯಲ್ಲಿ ರಕ್ತವೇ ಇಲ್ಲ. ದಿನವೂ ಸೊಪ್ಪು ತಿನ್ನಿಸಿ. ತಡಮಾಡಿದರೆ ಮಗು ಉಳಿಯುವುದಿಲ್ಲ.”

“ಯಾವ ಸೊಪ್ಪು?” ಎಂದ ವರ್ತಕ. ಎರಡು ಸರಕನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಒಂದನ್ನೂ ಕೊಂಡ ಮನುಷ್ಯನಲ್ಲ ಅವನು.

“ನುಗ್ಗೆಯಲ್ಲಿ ಸತ್ವ ಹೆಚ್ಚು. ಹರಿವೆ ಬೇಗ ಅರಗುತ್ತದೆ. ಯಾವುದಾದರೂ ಸರಿ.”

ಕೊನೆಯ ಮಾತು ವರ್ತಕನ ಕಿವಿಗೆ ಬೀಳಲೇ ಇಲ್ಲ. ನುಗ್ಗೆ ತರಿಸಿದ. ಗುಣ ಕಾಣಲಿಲ್ಲ. ಹರಿವೆ ತರಿಸಿದ. ಅದರಿಂದಲೂ ಆಗಲಿಲ್ಲ. ಊರಿನ ನುಗ್ಗೆ ಸರಿಯಿಲ್ಲವೆಂದು ಹೊಳೆಯಾಚೆಯ ನುಗ್ಗೆ, ಹಸಿರು ಹರಿವೆ ಸಾಲದೆಂದು ಕೆಂಪು ಹರಿವೆ. ಸೊಪ್ಪು ಹೊತ್ತು ತಂದವರು ಬಳಲಿದರು, ಇವನ ಲೆಕ್ಕಾಚಾರ ಬಳಲಲಿಲ್ಲ. ಮಗಳು ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದಳು. ಅವಳ ಕೈ ಹಿಡಿದರೆ ಮೂಳೆಯಷ್ಟೇ ಸಿಗುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೊಪ್ಪನ್ನು ಚೆನ್ನಾಗಿ ಕುದಿಸಿ, ನೀರು ಬಸಿದು, ಹಿಂಡಿ, ಉಳಿದದ್ದರಲ್ಲಿ ಪಲ್ಯ ಮಾಡುತ್ತಿದ್ದರು. ಬಸಿದ ಕಟ್ಟಿನಲ್ಲಿ ಸಾರು ಕಾಯಿಸುವುದು ಇಲ್ಲದವರ ಮನೆಯ ಅಡುಗೆ ಎಂಬುದು ಅವರ ಎಣಿಕೆ. ಸಿರಿವಂತರ ಎಲೆಯ ಮೇಲೆ ಸೊಪ್ಪಿನ ನೀರು ಹರಿದರೆ ಮರ್ಯಾದೆಗೆ ಕಡಿಮೆಯಂತೆ. ಬಸಿದ ನೀರೆಲ್ಲ ಹಿತ್ತಿಲಿನಲ್ಲಿ ದನಕ್ಕಿಟ್ಟ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು.

ಕೊಟ್ಟಿಗೆಯಲ್ಲಿ ಒಂದು ತಬ್ಬಲಿ ಕರುವಿತ್ತು. ತಾಯಿ ಸತ್ತಾಗ ಇದೂ ಬದುಕುವುದಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದರು. ಒಂದು ಬೆಳಗ್ಗೆ ಮಗಳ ಮುಖ ನೋಡಲಾರದೆ ವರ್ತಕ ಹಿತ್ತಿಲಿಗೆ ಬಂದ. ಎದುರಿಗೆ ಆ ಕರು ನಿಂತಿತ್ತು. ಮೈ ಮಿರಮಿರನೆ ಮಿಂಚುತ್ತಿತ್ತು, ಕಣ್ಣು ಫಳಫಳ ಹೊಳೆಯುತ್ತಿತ್ತು. ಅದು ಬಾಲವೆತ್ತಿ ಚಂಗನೆ ನೆಗೆದು ಬಂದು ಬಾನಿಯಲ್ಲಿ ಮುಖವಿಟ್ಟಿತು. ತಲೆ ಎತ್ತಿದಾಗ ಮೂತಿಯಿಂದ ಕೆಂಪು ಹರಿವೆಯ ನೀರು ತೊಟ್ಟಿಕ್ಕುತ್ತಿತ್ತು.

ವರ್ತಕ ಬೆರಗಾಗಿ ನಿಂತ. ಎಲ್ಲರೂ ಕೈಬಿಟ್ಟ ಜೀವವನ್ನು ಅವರೇ ಬೇಡವೆಂದು ಸುರಿದ ನೀರು ಎತ್ತಿ ನಿಲ್ಲಿಸಿತ್ತು. ಎಂಥ ಶಕ್ತಿ ಇದು, ದಿನವೂ ನನ್ನ ಮನೆಯ ಒಲೆಯ ಮೇಲೇ ಕುದಿಯುತ್ತಿತ್ತಲ್ಲ ಎಂದುಕೊಂಡ. ಯಾರಿಗೆಂದು ತಿಳಿಯದೆ ಕೈಮುಗಿದ. ಆಮೇಲೆ ಅಡುಗೆಮನೆಗೆ ಓಡಿದ.

“ಬಸೀಬೇಡಿ! ಒಂದು ತೊಟ್ಟೂ ಬಸೀಬೇಡಿ!”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಮಗಳು ಉಳಿದಳೇ?” ಮರಿದೇವನಿಗೆ ತಡೆಯಲಾಗಲಿಲ್ಲ.

“ಉಳಿದಳು.”

“ಯಾವ ಸೊಪ್ಪಿನಿಂದ, ಗುರುಗಳೇ?”

ಗುರುಗಳು ಅವನನ್ನೇ ನೋಡುತ್ತ ನಕ್ಕರು.

“ಕರು ಅದನ್ನು ಯಾರನ್ನೂ ಕೇಳಲಿಲ್ಲ, ಮರಿದೇವ.”